ಸಣ್ಣ ಉದ್ದಿಮೆಗಳ ಸರಕು ಸಾಗಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್‌ನಂಥ ಕೈಗಾರಿಕಾ ಪ್ರದೇಶಗಳಲ್ಲಿ ಸ್ವಂತ ಲಾರಿಯಾಗಲಿ, ಸಾಗಣೆಗೆಂದೇ ಪ್ರತ್ಯೇಕ ವಿಭಾಗವಾಗಲಿ ಇಲ್ಲದೆ ಹೊರ ಜಿಲ್ಲೆ, ಹೊರ ರಾಜ್ಯಗಳಿಗೆ ಸರಕು ಕಳುಹಿಸುವ ಉದ್ದಿಮೆಗಳು ಬಹಳಷ್ಟಿವೆ. ಅಲ್ಲಿ ಸಾಗಣೆಯ ಹೊಣೆ ಸಾಮಾನ್ಯವಾಗಿ ಸ್ಟೋರ್ಸ್ ನೋಡಿಕೊಳ್ಳುವವರ ಇಲ್ಲವೇ ಲೆಕ್ಕಪತ್ರ ಬರೆಯುವವರ ಮೇಲೆ ಬೀಳುತ್ತದೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಸಿದ್ಧಪಡಿಸಲಾಗಿದೆ.

ಲಾರಿ ಬಾಡಿಗೆಯನ್ನು ಚೌಕಾಶಿ ಮಾಡಿ ಇಳಿಸಿದರೆ ಸಾಗಣೆ ವೆಚ್ಚ ತಾನಾಗಿಯೇ ಇಳಿಯುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಇಳಿಯುತ್ತದೆ; ಆದರೆ ನಿಜವಾದ ಸೋರಿಕೆ ಇರುವುದು ಬಾಡಿಗೆಯ ಅಂಕಿಯಲ್ಲಲ್ಲ. ಅರ್ಧ ತುಂಬಿದ ಲಾರಿ, ಗೇಟಿನ ಮುಂದೆ ಕಾಯುತ್ತಾ ನಿಂತ ಲಾರಿ, ದಾಖಲೆ ತಪ್ಪಿ ದಾರಿಯಲ್ಲಿ ತಡೆಹಿಡಿಯಲ್ಪಟ್ಟ ಲಾರಿ, ಒಡೆದು ತಲುಪಿದ್ದರಿಂದ ಮರಳಿ ಬಂದ ಸರಕು, ಇವುಗಳ ಖರ್ಚು ಯಾವ ಬಿಲ್ಲಿನಲ್ಲೂ ‘ಸಾಗಣೆ’ ಎಂಬ ಹೆಸರಿನಲ್ಲಿ ಕಾಣಿಸುವುದಿಲ್ಲವಾದ್ದರಿಂದ ಅದನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಬಾಡಿಗೆಯನ್ನು ಟ್ರಿಪ್ಪಿನ ಲೆಕ್ಕದಲ್ಲಿ ನೋಡುವುದನ್ನು ಬಿಟ್ಟು, ಗ್ರಾಹಕರ ಕೈಗೆ ಸುಸ್ಥಿತಿಯಲ್ಲಿ ತಲುಪಿದ ಪ್ರತಿ ಕಿಲೋಗೆ ಎಷ್ಟು ಖರ್ಚಾಯಿತು ಎಂದು ನೋಡಬೇಕು. ಉದಾಹರಣೆಗೆ, 36,000 ರೂಪಾಯಿ ಬಾಡಿಗೆಯ ಲಾರಿಯಲ್ಲಿ 9 ಟನ್ ಹೋದರೆ ಕಿಲೋಗೆ 4 ರೂಪಾಯಿ ಬೀಳುತ್ತದೆ. ಅದೇ ಲಾರಿಯಲ್ಲಿ 6 ಟನ್ ಹೋದರೆ 6 ರೂಪಾಯಿ. ಚೌಕಾಶಿಯಿಂದ ಬಾಡಿಗೆಯನ್ನು ಎರಡು ಸಾವಿರ ಇಳಿಸಿದರೂ ಈ ಅಂತರ ತುಂಬುವುದಿಲ್ಲ. ಎರಡು ದಿನದ ಆರ್ಡರುಗಳನ್ನು ಸೇರಿಸಿ ಒಂದೇ ಲಾರಿಯಲ್ಲಿ ಕಳುಹಿಸಲು ಗ್ರಾಹಕರನ್ನು ಒಪ್ಪಿಸುವುದು ಅದಕ್ಕಿಂತ ಹೆಚ್ಚು ಹಣ ಉಳಿಸುತ್ತದೆ.

ಪೂರ್ತಿ ಲಾರಿ ಹಿಡಿಯಬೇಕೇ, ಪಾರ್ಸೆಲ್ ಸರ್ವಿಸ್‌ಗೆ ಹಾಕಬೇಕೇ?

ಪೂರ್ತಿ ಲಾರಿಯಲ್ಲಿ ಸರಕು ನಿಮ್ಮ ಅಂಗಳದಲ್ಲಿ ಒಮ್ಮೆ ಏರಿ ಗ್ರಾಹಕರ ಅಂಗಳದಲ್ಲಿ ಒಮ್ಮೆ ಇಳಿಯುತ್ತದೆ. ಪಾರ್ಸೆಲ್ ಸರ್ವಿಸ್‌ನಲ್ಲಿ ಗೂಡ್ಸ್ ಆಟೊದಿಂದ ಬುಕಿಂಗ್ ಆಫೀಸಿಗೆ, ಅಲ್ಲಿಂದ ದೊಡ್ಡ ಗೋಡೌನಿಗೆ, ಮತ್ತೆ ಲಾರಿಗೆ, ಊರು ಮುಟ್ಟಿದ ಮೇಲೆ ಇನ್ನೊಂದು ಗೋಡೌನಿಗೆ ಎಂದು ಹಲವು ಕೈ ದಾಟುತ್ತದೆ. ಪ್ರತಿ ಬಾರಿ ಎತ್ತಿ ಇಳಿಸುವಾಗಲೂ ಒಡೆಯುವ, ಕಳೆಯುವ, ಬೇರೆ ಊರಿನ ಲಾರಿಗೆ ಏರುವ ಸಾಧ್ಯತೆ ಇದ್ದೇ ಇರುತ್ತದೆ. ಆದ್ದರಿಂದ ಬಾಡಿಗೆಯ ಜೊತೆಗೆ ಸರಕಿನ ಸ್ವಭಾವವನ್ನೂ ನೋಡಿ ನಿರ್ಧರಿಸಬೇಕು. ಎರಕದ ಬಿಡಿಭಾಗಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಪಾರ್ಸೆಲ್‌ಗೆ ಹಾಕಿದರೆ ಹೆಚ್ಚಿನ ಆತಂಕವಿಲ್ಲ; ಕಂಟ್ರೋಲ್ ಪ್ಯಾನೆಲ್, ಗಾಜು, ಬಣ್ಣ ಬಳಿದ ಶೀಟ್ ಮೆಟಲ್ ಇದ್ದರೆ ಸಣ್ಣದಾದರೂ ಪೂರ್ತಿ ವಾಹನ ಹಿಡಿಯುವುದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪಾರ್ಸೆಲ್ ಬುಕ್ ಮಾಡುವಾಗ ಡೋರ್ ಡೆಲಿವರಿಯೋ ಗೋಡೌನ್ ಡೆಲಿವರಿಯೋ, ಬಾಡಿಗೆಯನ್ನು ನೀವು ಕೊಟ್ಟಿದ್ದೀರೋ ಅಥವಾ ‘ಟು ಪೇ’ ಲೆಕ್ಕದಲ್ಲಿ ಪಡೆಯುವವರು ಕೊಡಬೇಕೋ ಎಂಬುದನ್ನು ರಸೀದಿಯ ಮೇಲೆ ಬರೆಸಲೇಬೇಕು. ಪಡೆಯುವವರು ‘ನಾವು ಬಾಡಿಗೆ ಕೊಡುವುದಿಲ್ಲ’ ಎಂದುಬಿಟ್ಟರೆ ಸರಕು ಗೋಡೌನಿನಲ್ಲೇ ಕೊಳೆಯುತ್ತದೆ, ಡೆಮರೇಜ್ (ತಡವಾಗಿ ಬಿಡಿಸಿಕೊಂಡದ್ದಕ್ಕೆ ತೆರಬೇಕಾದ ಶುಲ್ಕ) ಏರುತ್ತಾ ಹೋಗುತ್ತದೆ.

ನಮ್ಮ ಪೆಟ್ಟಿಗೆಯ ತೂಕ 120 ಕಿಲೋ. ಆದರೆ ಬಿಲ್ಲಿನಲ್ಲಿ 288 ಕಿಲೋ ಎಂದಿದೆ. ಇದು ಮೋಸವಲ್ಲವೇ?

ಬಹುಮಟ್ಟಿಗೆ ಮೋಸವಲ್ಲ. ಲಾರಿಯಲ್ಲಿ ಮಾರಾಟವಾಗುವುದು ತೂಕವೂ ಹೌದು, ಜಾಗವೂ ಹೌದು. ಪಾರ್ಸೆಲ್ ಸಂಸ್ಥೆಗಳು ಒಂದು ಘನ ಅಡಿಗೆ ಇಷ್ಟು ಕಿಲೋ ಎಂದು ನಿಗದಿ ಮಾಡಿಕೊಂಡು, ಆ ಲೆಕ್ಕದ ತೂಕ ಮತ್ತು ಕಾಟಾ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತವೆ. ನಿಮ್ಮ ಪೆಟ್ಟಿಗೆ 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರ ಇದ್ದರೆ ಅದು 36 ಘನ ಅಡಿ. ಘನ ಅಡಿಗೆ 8 ಕಿಲೋ ಎಂದು ಒಪ್ಪಂದವಿದ್ದರೆ 288 ಕಿಲೋ ಆಗುತ್ತದೆ. ಈ ಘನ ಅಡಿಯ ಅಂಕಿಯನ್ನು ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳಿ. ಅದಾದ ಮೇಲೆ ಪೆಟ್ಟಿಗೆಯನ್ನೇ ಪರಿಶೀಲಿಸಿ. ಅದೇ ಪೆಟ್ಟಿಗೆಯ ಎತ್ತರವನ್ನು ಅರ್ಧ ಅಡಿ ತಗ್ಗಿಸಿದರೆ 30 ಘನ ಅಡಿ, ಅಂದರೆ 240 ಕಿಲೋ. ವರ್ಷವಿಡೀ ಹೋಗುವ ಪೆಟ್ಟಿಗೆಯಾದರೆ ಈ ಉಳಿತಾಯಕ್ಕಾಗಿ ಯಾರ ಜೊತೆಗೂ ಜಗಳವಾಡಬೇಕಿಲ್ಲ.

ಲಾರಿಗೆ ಎರಡು ಟನ್ ಹೆಚ್ಚು ಹಾಕಿದರೆ ಏನಾಗುತ್ತದೆ? ಎಲ್ಲರೂ ಹಾಕುತ್ತಾರಲ್ಲ?

ಹಾಕಬಾರದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿ, ಎರಡು ಆಕ್ಸಲ್ ಲಾರಿಯ ಒಟ್ಟು ತೂಕವನ್ನು 16.2 ಟನ್‌ನಿಂದ 18.5 ಟನ್‌ಗೂ ಮೂರು ಆಕ್ಸಲ್ ಲಾರಿಯದನ್ನು 25 ಟನ್‌ನಿಂದ 28.5 ಟನ್‌ಗೂ ಹೆಚ್ಚಿಸಿತು. ಇದು ಲಾರಿ ಮತ್ತು ಸರಕು ಎರಡೂ ಸೇರಿದ ತೂಕ. ನಿರ್ದಿಷ್ಟ ಲಾರಿಗೆ ಎಷ್ಟು ಎಂಬುದಕ್ಕೆ ಅದರ ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ಅಂಕಿಯನ್ನೇ ನೋಡಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಮಿತಿ ಮೀರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ; ಜೊತೆಗೆ ಹೆಚ್ಚುವರಿ ಸರಕನ್ನು ಇಳಿಸಿಯೇ ಮುಂದೆ ಹೋಗಬೇಕು. ಓಡಿಸಿದವರಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣರಾದವರೂ ಈ ಕಲಂನ ವ್ಯಾಪ್ತಿಗೆ ಬರುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಬೀಳುವ ಭಾರ. ಅಲ್ಲಿ ಪಣಕ್ಕಿಡುವುದು ಡ್ರೈವರನ ಮತ್ತು ಎದುರಿಗೆ ಬರುವವರ ಜೀವ.

ಬಾಡಿಗೆಯಲ್ಲಿ ನ್ಯಾಯವಾಗಿಯೇ ಉಳಿತಾಯ ಮಾಡಲು ಒಂದೇ ಒಂದು ಕೆಲಸ ಮಾಡುವುದಾದರೆ ಯಾವುದನ್ನು ಮಾಡಬೇಕು?

ಲಾರಿ ನಿಮ್ಮ ಗೇಟಿನೊಳಗೆ ಬಂದ ಸಮಯ ಮತ್ತು ಹೊರಹೋದ ಸಮಯವನ್ನು ಬರೆದಿಡಲು ಶುರು ಮಾಡಿ, ಆ ಅಂತರವನ್ನು ಕಡಿಮೆ ಮಾಡಿ. ಲಾರಿಯ ಸಾಲದ ಕಂತು, ವಿಮೆ, ರಸ್ತೆ ತೆರಿಗೆ, ಡ್ರೈವರನ ಸಂಬಳ, ಬತ್ತಾ ಇವು ಲಾರಿ ಓಡಿದರೂ ನಿಂತರೂ ಮಾಲೀಕರು ಭರಿಸಲೇಬೇಕಾದ ಖರ್ಚುಗಳು. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್. ಹೋಗಲು ಎರಡು ದಿನ, ಬರಲು ಎರಡು ದಿನ ಎಂದಿಟ್ಟುಕೊಂಡರೆ ತಿಂಗಳಿಗೆ ಏಳು ಸುತ್ತು ಸಾಧ್ಯ. ಎರಡೂ ತುದಿಯಲ್ಲಿ ಒಂದೊಂದು ದಿನ ಕಾಯಬೇಕಾಗಿ ಬಂದರೆ ಅದು ಐದಕ್ಕೆ ಇಳಿಯುತ್ತದೆ. ಏಳು ಸುತ್ತಿನಲ್ಲಿ ಹಂಚಿಹೋಗಬೇಕಿದ್ದ ಖರ್ಚನ್ನು ಐದು ಸುತ್ತಿನಲ್ಲಿ ಹುಟ್ಟಿಸಬೇಕಾದ ಮಾಲೀಕರು ಅದನ್ನು ನಿಮ್ಮ ಬಾಡಿಗೆಗೇ ಸೇರಿಸುತ್ತಾರೆ. ‘ಆ ಫ್ಯಾಕ್ಟರಿಗೆ ಹೋದರೆ ರಾತ್ರಿಯಾಗುತ್ತದೆ’ ಎಂಬ ಮಾತು ಡ್ರೈವರುಗಳ ನಡುವೆ ಹಬ್ಬಿದರೆ ಅಂಥ ಕಡೆಗೆ ಒಳ್ಳೆಯ ಲಾರಿಗಳು ಬರುವುದೇ ಇಲ್ಲ.

ಕಾಯಿಸುವುದಕ್ಕೆ ಕಾರಣಗಳು ಬಹುತೇಕ ಒಳಗೇ ಇರುತ್ತವೆ. ಸರಕಿನ ತಪಾಸಣೆ ಮುಗಿಯುವ ಮೊದಲೇ ಲಾರಿಯನ್ನು ಕರೆಸಿರುತ್ತಾರೆ. ಸರಕು ಏರಿದ ಮೇಲೆ ಇನ್‌ವಾಯ್ಸ್ ಮಾಡಲು ಕೂರುತ್ತಾರೆ. ಸಹಿ ಮಾಡಬೇಕಾದವರು ಊಟಕ್ಕೆ ಹೋಗಿರುತ್ತಾರೆ. ಹಮಾಲರನ್ನು ಲಾರಿ ಬಂದ ಮೇಲೆ ಹುಡುಕುತ್ತಾರೆ. ಮರುದಿನ ಹೋಗಬೇಕಾದ ಸರಕನ್ನು ಹಿಂದಿನ ಸಂಜೆಯೇ ಲೋಡಿಂಗ್ ಜಾಗದ ಬಳಿ ಊರುವಾರು ಜೋಡಿಸಿಟ್ಟು, ಇನ್‌ವಾಯ್ಸನ್ನು ಸಿದ್ಧಪಡಿಸಿಟ್ಟುಕೊಂಡು, ಲಾರಿಗೆ ‘ಬೆಳಿಗ್ಗೆ ಬನ್ನಿ’ ಎನ್ನುವ ಬದಲು ನಿರ್ದಿಷ್ಟ ಗಂಟೆ ಹೇಳಿ ಕರೆಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಬೆಂಗಳೂರಿನೊಳಗೆ ಭಾರೀ ವಾಹನಗಳಿಗೆ ಸಮಯದ ನಿರ್ಬಂಧಗಳಿರುವುದರಿಂದ ಸಂಜೆ ಒಂದು ಗಂಟೆ ತಡವಾದದ್ದು ರಾತ್ರಿಯವರೆಗೆ ನಿಲ್ಲುವುದಕ್ಕೆ ಕಾರಣವಾಗಬಹುದು ಎಂಬುದನ್ನೂ ನೆನಪಿಡಬೇಕು.

ಗ್ರಾಹಕರ ತುದಿಯಲ್ಲಿ ಲಾರಿ ನಿಂತರೆ ಹಾಲ್ಟಿಂಗ್ ಚಾರ್ಜ್ ಯಾರು ಕೊಡಬೇಕು ಎಂಬುದನ್ನು ಆರ್ಡರಿನಲ್ಲೇ ಬರೆದುಕೊಳ್ಳಿ. ಎಷ್ಟು ಗಂಟೆಯ ನಂತರ ಅದು ಶುರುವಾಗುತ್ತದೆ ಎಂಬುದನ್ನೂ. ಅಂದ ಹಾಗೆ, ಕಾಯುವ ಡ್ರೈವರನಿಗೆ ಕುಡಿಯುವ ನೀರು, ಶೌಚಾಲಯ, ನೆರಳಿನಲ್ಲಿ ಕೂರಲು ಒಂದಷ್ಟು ಜಾಗ ಒದಗಿಸದ ಕಾರ್ಖಾನೆಗಳು ಇಂದಿಗೂ ಇವೆ. ಇದಕ್ಕೆ ಆಗುವ ಖರ್ಚು ಅತ್ಯಲ್ಪ. ಇದನ್ನು ಮಾಡದಿರುವುದಕ್ಕೆ ಸಮರ್ಥನೆಯೇ ಇಲ್ಲ.

ವರ್ಷದ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದೇ? ಡೀಸೆಲ್ ಬೆಲೆ ಏರಿದರೆ ಏನು ಮಾಡಬೇಕು?

ನಿಯಮಿತವಾಗಿ ಸರಕು ಹೋಗುವ ಊರುಗಳಿಗೆ ಒಪ್ಪಂದ ಒಳ್ಳೆಯದು; ಅಪರೂಪಕ್ಕೆ ಹೋಗುವ ಊರುಗಳಿಗೆ ಆ ದಿನದ ಮಾರುಕಟ್ಟೆ ದರವೇ ಸಾಕು. ಆದರೆ ಒಪ್ಪಂದದಲ್ಲಿ ಡೀಸೆಲ್ ಷರತ್ತು ಇರಬೇಕು: ಒಪ್ಪಂದದ ದಿನದ ಡೀಸೆಲ್ ದರವನ್ನು ಮೂಲವೆಂದು ಬರೆದುಕೊಂಡು, ಅದು ಶೇಕಡಾ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರುತ್ತದೆ, ಇಳಿದರೆ ಇಷ್ಟು ಇಳಿಯುತ್ತದೆ ಎಂಬ ಸೂತ್ರ. 2025ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 21.17ಕ್ಕೆ ಏರಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಅದೇ ತಿಂಗಳ ಮಧ್ಯಭಾಗದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಷರತ್ತು ಇಲ್ಲದ ಒಪ್ಪಂದದಲ್ಲಿ ಇಂಥ ಏರಿಕೆಯ ಪೂರ್ತಿ ಭಾರವನ್ನು ಟ್ರಾನ್ಸ್‌ಪೋರ್ಟಿನವರ ಮೇಲೆ ಹೊರಿಸಿದರೆ ಅವರು ನಷ್ಟದಲ್ಲಿ ಲಾರಿ ಕಳುಹಿಸುವುದಿಲ್ಲ. ನಿಮಗೆ ತುರ್ತು ಇರುವ ದಿನವೇ ‘ಲಾರಿ ಇಲ್ಲ’ ಎನ್ನುತ್ತಾರೆ.

ಹಣ ಪಾವತಿಯನ್ನು ತಡ ಮಾಡಿ ಉಳಿತಾಯವೆಂದು ಭಾವಿಸುವವರಿಗೂ ಒಂದು ಮಾತು. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗಿರುವ ಸರ್ಕಾರಿ ನೋಂದಣಿ) ಇರುವ ಸೂಕ್ಷ್ಮ, ಸಣ್ಣ ಸಾಗಣೆದಾರರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಗರಿಷ್ಠ 45 ದಿನಗಳೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ನಿಮ್ಮದೂ ಸಣ್ಣ ಉದ್ದಿಮೆಯಾಗಿದ್ದರೆ ದೊಡ್ಡ ಗ್ರಾಹಕರಿಂದ ನೀವು ನಿರೀಕ್ಷಿಸುವುದೂ ಇದನ್ನೇ ತಾನೆ.

ಬ್ರೋಕರ್ ಮೂಲಕ ಲಾರಿ ಹಿಡಿದರೆ ಅಗ್ಗವಾಗುತ್ತದೆ. ಅದರಲ್ಲಿ ಅಪಾಯವಿದೆಯೇ?

ಬ್ರೋಕರುಗಳಿಂದ ಅಗ್ಗದ ಲಾರಿ ಸಿಗುವುದಕ್ಕೆ ಕಾರಣ ರಿಟರ್ನ್ ಲೋಡ್. ಪುಣೆಯಿಂದ ಸರಕು ತಂದು ಇಳಿಸಿದ ಲಾರಿ ಖಾಲಿ ಮರಳುವ ಬದಲು ಕಡಿಮೆ ಬಾಡಿಗೆಗೂ ಒಪ್ಪುತ್ತದೆ, ಇದರಲ್ಲಿ ತಪ್ಪೇನಿಲ್ಲ. ಅಪಾಯವಿರುವುದು ಲಾರಿ ಯಾರದು ಎಂಬುದೇ ತಿಳಿಯದೆ ಸರಕು ಏರಿಸುವುದರಲ್ಲಿ. ಆರ್‌ಸಿ, ವಿಮೆ, ಪರ್ಮಿಟ್, ಡ್ರೈವರನ ಲೈಸೆನ್ಸ್ ಇವುಗಳನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಹೋಲಿಸಿ ನೋಡಿ, ಡ್ರೈವರನ ಮತ್ತು ಲಾರಿಯ ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಂಡ ಮೇಲೆಯೇ ಲೋಡ್ ಮಾಡಬೇಕು. ತಾಮ್ರ, ಎಲೆಕ್ಟ್ರಾನಿಕ್ಸ್, ಔಷಧಿಯಂಥ ಬೆಲೆಬಾಳುವ ಸರಕನ್ನು ಪರಿಚಯವಿಲ್ಲದ ಲಾರಿಯಲ್ಲಿ ಕಳುಹಿಸಲೇಬಾರದು.

ಎಲ್‌ಆರ್ ಎಂಬ ಕಾಗದಕ್ಕೆ ಅಷ್ಟೇಕೆ ಮಹತ್ವ?

ಎಲ್‌ಆರ್, ಅಂದರೆ ಲಾರಿ ರಸೀದಿ, ನಿಮ್ಮ ಸರಕನ್ನು ಸಾಗಣೆದಾರರು ವಹಿಸಿಕೊಂಡಿದ್ದಾರೆ ಎಂಬುದಕ್ಕೆ ಇರುವ ಪ್ರಮುಖ ಪುರಾವೆ. 2007ರ ರಸ್ತೆ ಸಾಗಣೆ ಕಾಯ್ದೆ, ಅದಕ್ಕೂ ಮೊದಲಿದ್ದ 1865ರ ಕಾಯ್ದೆಯ ಜಾಗದಲ್ಲಿ 2011ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರಡಿಯ ನಿಯಮಗಳ ಪ್ರಕಾರ, ಸರಕಿನ ಹೆಚ್ಚಿನ ಮೌಲ್ಯವನ್ನು ನೀವು ಮೊದಲೇ ಘೋಷಿಸಿರದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗುತ್ತದೆ. ಅಂದರೆ 3,000 ರೂಪಾಯಿ ಬಾಡಿಗೆ ಕೊಟ್ಟು ಕಳುಹಿಸಿದ 4 ಲಕ್ಷದ ಯಂತ್ರ ನಾಶವಾದರೆ ಸಿಗಬಹುದಾದದ್ದು 30,000 ರೂಪಾಯಿ. ಮೌಲ್ಯ ಘೋಷಿಸಿದರೆ ಸಾಗಣೆದಾರರು ಹೆಚ್ಚಿನ ದರ ಕೇಳಬಹುದು. ಬೇಡವೆಂದರೆ ವಿಮೆ ಇರಲೇಬೇಕು.

ಇನ್ನೊಂದು ಮುಖ್ಯ ಗಡುವೆಂದರೆ, ಸರಕು ಹಾಳಾದ ಅಥವಾ ಕಳೆದ ಬಗ್ಗೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಮುಟ್ಟಿಸಿರದಿದ್ದರೆ ಮೊಕದ್ದಮೆ ಹೂಡಲು ಅವಕಾಶವಿಲ್ಲ. ಫೋನಿನಲ್ಲಿ ಹೇಳಿದ್ದು, ವಾಟ್ಸಾಪಿನಲ್ಲಿ ಬೈದಾಡಿಕೊಂಡದ್ದು ನೋಟಿಸ್ ಆಗುತ್ತದೆಂದು ನಂಬಿ ಕೂರಬೇಡಿ.

ಇ-ವೇ ಬಿಲ್‌ನಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು?

50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕು ಸಾಗಿಸಲು ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಜಿಎಸ್‌ಟಿ ವ್ಯವಸ್ಥೆಯಡಿ ಆನ್‌ಲೈನ್‌ನಲ್ಲಿ ಪಡೆಯುವ ಸಾಗಣೆ ದಾಖಲೆ ಬೇಕು. ಇದು 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ದೇಶದಾದ್ಯಂತ ಜಾರಿಯಾಯಿತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಅನ್ವಯಿಸಿದ ರಾಜ್ಯ ಕರ್ನಾಟಕ. ಮೊದಲ ಭಾಗದಲ್ಲಿ ಸರಕಿನ ಮತ್ತು ಇನ್‌ವಾಯ್ಸಿನ ವಿವರ, ಎರಡನೆಯ ಭಾಗದಲ್ಲಿ ವಾಹನದ ವಿವರ ಇರುತ್ತದೆ. ವಾಹನದ ವಿವರ ತುಂಬದೆ ಸರಕು ಹೊರಟರೆ, ಕೆಲವು ಸ್ಥಳೀಯ ವಿನಾಯಿತಿಗಳನ್ನು ಬಿಟ್ಟು, ಬಿಲ್ ಅಪೂರ್ಣ.

ಅವಧಿಯ ಲೆಕ್ಕದಲ್ಲೇ ಹೆಚ್ಚು ತಪ್ಪಾಗುತ್ತದೆ. 2021ರ ಜನವರಿ 1ರಿಂದ ಪ್ರತಿ 200 ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ದಿನ. ಹಾಗಾಗಿ ಪುಣೆಯ 840 ಕಿಲೋಮೀಟರಿಗೆ ಐದು ದಿನ ಸಿಗುತ್ತದೆ. ಮಾಮೂಲಿ ಸಾಗಣೆಗೆ ಇದು ಧಾರಾಳ. ಆದರೆ ಪಾರ್ಸೆಲ್ ಸರಕು ಗೋಡೌನಿನಲ್ಲಿ ಮೂರು ದಿನ ಕುಳಿತರೆ, ಲಾರಿ ಕೆಟ್ಟು ನಿಂತರೆ, ಗ್ರಾಹಕರ ಗೇಟಿನಲ್ಲಿ ರಜೆಯ ದಿನ ಬಂದರೆ ಸಮಯ ಮೀರುತ್ತದೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ನಂತರದವರೆಗೆ ಮಾತ್ರ ಅದನ್ನು ವಿಸ್ತರಿಸಬಹುದು. ರಾತ್ರಿ ಎಲ್ಲರೂ ಮಲಗಿರುವಾಗ ಈ ಗಡುವು ಬರುತ್ತದಾದ್ದರಿಂದ, ದಾರಿಯಲ್ಲಿರುವ ಬಿಲ್‌ಗಳ ಕೊನೆಯ ದಿನಾಂಕವನ್ನು ಪ್ರತಿ ಸಂಜೆ ಒಬ್ಬರು ನೋಡುವ ವ್ಯವಸ್ಥೆ ಇರಲೇಬೇಕು.

ದಾರಿಯಲ್ಲಿ ಲಾರಿ ಬದಲಾದರೆ ಹೊಸ ಇ-ವೇ ಬಿಲ್ ಬೇಕಿಲ್ಲ. ಅದೇ ಬಿಲ್ಲಿನಲ್ಲಿ ಹೊಸ ಲಾರಿಯ ಸಂಖ್ಯೆ ಸೇರಿಸಿದರೆ ಸಾಕು, ಆದರೆ ಸರಕು ಮತ್ತೆ ಹೊರಡುವ ಮೊದಲೇ ಸೇರಿಸಬೇಕು. ಬಿಲ್ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ನಿಯಮ ಮುರಿದು ಸರಕು ತಡೆಹಿಡಿಯಲ್ಪಟ್ಟರೆ, ತೆರಿಗೆಗೆ ಒಳಪಡುವ ಸರಕಿನ ಮಾಲೀಕರು ತೆರಿಗೆಯ ಶೇ. 200ರಷ್ಟು ದಂಡ ತೆತ್ತು ಬಿಡಿಸಿಕೊಳ್ಳಬೇಕಾಗಬಹುದು.

ಲಾರಿಗೆ ವಿಮೆ ಇದೆಯಲ್ಲ, ಸರಕಿಗೆ ಬೇರೆ ವಿಮೆ ಏಕೆ?

ಲಾರಿಯ ವಿಮೆ ಲಾರಿಗೆ ಮತ್ತು ಅಪಘಾತದಲ್ಲಿ ತೊಂದರೆಗೊಳಗಾದ ಮೂರನೆಯವರಿಗೆ. ಅದರಲ್ಲಿ ಹೋಗುತ್ತಿರುವ ನಿಮ್ಮ ಸರಕಿಗೆ ಅಲ್ಲ. ಸರಕಿಗೆ ಟ್ರಾನ್ಸಿಟ್ ಪಾಲಿಸಿ ಬೇಕು. ದೇಶದೊಳಗಿನ ಸಾಗಣೆಗೆ ‘ಎ’ ಷರತ್ತಿನ ಪಾಲಿಸಿ ಹೆಚ್ಚುಕಡಿಮೆ ಎಲ್ಲ ಅಪಾಯಗಳನ್ನು, ‘ಬಿ’ ಹೆಸರಿಸಿದ ಕೆಲವನ್ನು, ‘ಸಿ’ ಬೆಂಕಿ ಮತ್ತು ಸಿಡಿಲಿನಷ್ಟನ್ನೇ ಒಳಗೊಳ್ಳುತ್ತದೆ. ಮೇಲಿಂದ ಮೇಲೆ ಸರಕು ಕಳುಹಿಸುವವರಿಗೆ ವರ್ಷಪೂರ್ತಿಯ ಓಪನ್ ಪಾಲಿಸಿ ಅನುಕೂಲ. ಪ್ಯಾಕಿಂಗ್ ಸರಿಯಿಲ್ಲದೆ ಆದ ಹಾನಿಗೆ ‘ಎ’ ಪಾಲಿಸಿಯಲ್ಲೂ ಪರಿಹಾರ ಸಿಗುವುದಿಲ್ಲ.

ಹಾನಿಯಾದಾಗ ಏನು ಮಾಡಬೇಕೆಂಬುದನ್ನು ನಿಮ್ಮ ಗ್ರಾಹಕರ ಸ್ಟೋರ್ಸ್‌ನವರಿಗೂ ಮೊದಲೇ ತಿಳಿಸಿರಬೇಕು. ಪೆಟ್ಟಿಗೆ ಒಡೆದಿದ್ದರೆ, ನೆನೆದಿದ್ದರೆ, ಸಂಖ್ಯೆ ಕಡಿಮೆ ಇದ್ದರೆ ಇಳಿಸುವ ಮೊದಲೇ ಚಿತ್ರ ತೆಗೆದು, ಎಲ್‌ಆರ್ ಪ್ರತಿಯ ಮೇಲೆ ಅದನ್ನೇ ಬರೆದು ಸಹಿ ಮಾಡಬೇಕು. ‘ಸರಕು ಸುಸ್ಥಿತಿಯಲ್ಲಿ ಸಿಕ್ಕಿದೆ’ ಎಂಬ ಮುದ್ರೆ ಒತ್ತಿ ಕೊಟ್ಟ ಮೇಲೆ ವಾದಿಸುವುದು ಬಹಳ ಕಷ್ಟ. ಬಳಿಕ ವಿಮಾ ಸಂಸ್ಥೆಗೆ ತಿಳಿಸಿ, ಸರ್ವೇಯರ್ ನೋಡುವವರೆಗೆ ಸರಕನ್ನು ಹಾಗೆಯೇ ಇಡಬೇಕು. ಸಾಗಣೆದಾರರಿಗೆ ಪರಿಹಾರ ಕೋರಿ ಬರೆಯಬೇಕಾದ ಪತ್ರವನ್ನು ತಪ್ಪಿಸಬಾರದು. ಅದಿಲ್ಲದಿದ್ದರೆ ವಿಮಾ ಸಂಸ್ಥೆಗೆ ಅವರಿಂದ ಹಣ ವಸೂಲಿ ಮಾಡುವ ಹಕ್ಕು ಕುಂದುತ್ತದೆ, ನಿಮ್ಮ ಕ್ಲೇಮಿಗೂ ಪೆಟ್ಟು ಬೀಳುತ್ತದೆ.

ಲಾರಿ ಬಾಡಿಗೆಯ ಮೇಲೆ ಜಿಎಸ್‌ಟಿ ಯಾರು ಕಟ್ಟಬೇಕು?

ಎಲ್‌ಆರ್ ಕೊಡುವ ಸಾಗಣೆ ಸಂಸ್ಥೆ ತಾನೇ ತೆರಿಗೆ ಹಾಕುವ ಆಯ್ಕೆ ಮಾಡಿಕೊಂಡಿರದಿದ್ದರೆ, ಬಾಡಿಗೆ ಕೊಡುವ ಕಾರ್ಖಾನೆಯೇ ರಿವರ್ಸ್ ಚಾರ್ಜ್ ರೂಪದಲ್ಲಿ ಶೇ. 5 ಕಟ್ಟಬೇಕು, ನಿಯಮಾನುಸಾರ ಅದರ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ನಿಮಗೆ ಸಿಗುತ್ತದೆ. ಸಂಸ್ಥೆಯೇ ಹಾಕುವುದಾದರೆ 2025ರ ಸೆಪ್ಟೆಂಬರ್ 22ರಿಂದ, ಅದು ತನ್ನ ಇನ್‌ಪುಟ್ ಕ್ರೆಡಿಟ್ ಬಿಟ್ಟುಕೊಟ್ಟರೆ ಶೇ. 5, ಪಡೆದರೆ ಶೇ. 18. ಸಂಸ್ಥೆಯ ಆಯ್ಕೆ ಯಾವುದೆಂದು ವರ್ಷದ ಆರಂಭದಲ್ಲೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ.

ರೈಲಿನಲ್ಲಿ ಕಳುಹಿಸುವುದು ಸಣ್ಣವರಿಗೂ ಸಾಧ್ಯವೇ?

ಭಾರವಾದ, ದೂರ ಹೋಗಬೇಕಾದ, ಒಂದೆರಡು ದಿನ ಹೆಚ್ಚು ಹಿಡಿದರೂ ನಡೆಯುವ ಸರಕಿಗೆ ಸಾಧ್ಯ. ರಫ್ತು ಮಾಡುವವರಿಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಕಂಟೇನರ್ ಡಿಪೋದಲ್ಲೇ ಕಸ್ಟಮ್ಸ್ ಮುಗಿಸಿ ಬಂದರಿಗೆ ರೈಲಿನಲ್ಲಿ ಕಳುಹಿಸುವ ಸೌಲಭ್ಯವಿದೆ. ಲಾರಿಗಳನ್ನೇ ರೈಲಿಗೇರಿಸುವ ರೋ-ರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿತು. 2020ರ ಆಗಸ್ಟ್‌ನಲ್ಲಿ ನೈರುತ್ಯ ರೈಲ್ವೆಯೂ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆವರೆಗೆ ಅಂಥ ರೈಲು ಓಡಿಸಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮುದ್ದಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯಲ್ಲಿ ಯೋಜಿಸಲಾಗಿರುವ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕ್ ಹೆದ್ದಾರಿಗೂ ರೈಲು ಮಾರ್ಗಕ್ಕೂ ಹೊಂದಿಕೊಂಡಿರುವುದರಿಂದ ಸಣ್ಣವರಿಗೆ ನೆರವಾಗಬಹುದೆಂಬ ಭರವಸೆ ನನಗಿದೆ. ಆದರೆ ರೈಲಿನ ದರವನ್ನು ಲಾರಿಯ ಬಾಡಿಗೆಯೊಂದಿಗೆ ನೇರವಾಗಿ ಹೋಲಿಸಬಾರದು. ಎರಡೂ ತುದಿಯಲ್ಲಿ ನಿಲ್ದಾಣದವರೆಗಿನ ಲಾರಿ, ಹಮಾಲಿ, ಹೆಚ್ಚುವರಿ ಪ್ಯಾಕಿಂಗ್ ಎಲ್ಲವನ್ನೂ ಕೂಡಿಸಿ ನೋಡಬೇಕು. ಹಾಗೆ ನೋಡಿದಾಗ ಕಡಿಮೆ ದೂರಕ್ಕೆ ಲಾರಿಯೇ ಗೆಲ್ಲುತ್ತದೆ.

ಮಳೆಗಾಲ ಮತ್ತು ಹಬ್ಬಗಳಲ್ಲಿ ಲಾರಿ ಸಿಗುವುದೇ ಇಲ್ಲ. ಇದಕ್ಕೆ ಪರಿಹಾರವಿದೆಯೇ?

ಇದನ್ನು ಅನಿರೀಕ್ಷಿತವೆಂದು ಕರೆಯಲಾಗದು. ಆಯುಧಪೂಜೆ, ದೀಪಾವಳಿಗೆ ಡ್ರೈವರುಗಳು ಊರಿಗೆ ಹೋಗುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ, ಶ್ರೀನಿವಾಸಪುರದ ಮಾವಿನ ಹಂಗಾಮಿನಲ್ಲಿ ಸುತ್ತಲಿನ ಲಾರಿಗಳು ಅತ್ತ ತಿರುಗುತ್ತವೆ. ಮಾರ್ಚ್ ಕೊನೆಯ ವಾರ ಎಲ್ಲ ಕಾರ್ಖಾನೆಗಳೂ ಏಕಕಾಲಕ್ಕೆ ಸರಕು ಹೊರಡಿಸುತ್ತವೆ. ಇವೆಲ್ಲವನ್ನೂ ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ವಾರಗಳ ಆರ್ಡರುಗಳನ್ನು ಮೊದಲೇ ಕಳುಹಿಸಲು ಗ್ರಾಹಕರೊಂದಿಗೆ ಮಾತಾಡಬೇಕು.

ಮಂಗಳೂರಿನ ದಿಕ್ಕಿಗೆ ಸರಕು ಕಳುಹಿಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಎಚ್ಚರವಾಗಿರಬೇಕು. 2024ರ ಜುಲೈ ಕೊನೆಯಲ್ಲಿ ಸಕಲೇಶಪುರದ ಬಳಿ ಶಿರಾಡಿ ಘಾಟಿಯಲ್ಲಿ ಭೂಕುಸಿತದಿಂದ ರಸ್ತೆ ಬಂದ್ ಆದ ಹೊತ್ತಿನಲ್ಲೇ, ಎಡಕುಮೇರಿ ಬಳಿ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲು ಮಾರ್ಗವೂ ನಿಂತಿತ್ತು. ಚಾರ್ಮಾಡಿ, ಸಂಪಾಜೆ ಮಾರ್ಗಗಳಲ್ಲಿ ಭಾರೀ ವಾಹನಗಳಿಗೆ ಮಳೆಗಾಲದಲ್ಲಿ ನಿರ್ಬಂಧ ಬೀಳುವುದು ಸಾಮಾನ್ಯ. ಆದ್ದರಿಂದ ನವಮಂಗಳೂರು ಬಂದರಿನಿಂದ ಹಡಗು ಹತ್ತಬೇಕಾದ ಸರಕನ್ನು ಈ ತಿಂಗಳುಗಳಲ್ಲಿ ಕೊನೆಯ ದಿನಕ್ಕೆ ಬಿಡದೆ ಕೆಲವು ದಿನ ಮೊದಲೇ ಘಾಟಿ ಇಳಿಸಿ ಬಂದರಿನ ಸಮೀಪದ ಗೋದಾಮಿನಲ್ಲಿ ಇಡುವುದು, ಇಲ್ಲವೇ ಆರ್ಡರ್ ಒಪ್ಪಿಕೊಳ್ಳುವಾಗಲೇ ಚೆನ್ನೈ ಬಂದರಿನ ಮೂಲಕ ಕಳುಹಿಸುವ ಅವಕಾಶವನ್ನು ಬರೆಸಿಕೊಳ್ಳುವುದು ಸೂಕ್ತ. ಗೋದಾಮಿನ ಬಾಡಿಗೆಯನ್ನು ಆ ನಾಲ್ಕು ತಿಂಗಳ ದರದಲ್ಲಿ ಮೊದಲೇ ಸೇರಿಸಿ ಹೇಳಿದರೆ ವಿದೇಶಿ ಖರೀದಿದಾರರೂ ಅದನ್ನು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು.